ಕೊಳದ ಪಕ್ಕ ನಾನು ಎಳೆದ ಗೆರೆ

ಟೈರಿನ ಗಾಳಿ ಇಳಿಸುವುದರೊಂದಿಗೆ ನಮ್ಮ ದಿನ ಶುರುವಾಗುತ್ತಿತ್ತು. ಡಾಂಬರು ಮುಗಿದು ಮರಳುದಾರಿ ಶುರುವಾಗುವ ಕಡೆ ಪಿಕಪ್ ನಿಲ್ಲಿಸಿ, ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕು. ಇಲ್ಲದಿದ್ದರೆ ದಕ್ಷಿಣ ನ್ಯೂಜೆರ್ಸಿಯ ಆ ಬಿಳಿ ಮರಳು ಗಾಡಿಯನ್ನು ಅಚ್ಚಿನವರೆಗೆ ನುಂಗಿಬಿಡುತ್ತದೆ. ಫೆಬ್ರವರಿಯ ಚಳಿಯಲ್ಲಿ ಕೈಗವಸು ಬಿಚ್ಚಿ ವಾಲ್ವ್ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಾಗ ನನಗೆ ದಿನವೂ ಒಂದೇ ಯೋಚನೆ. ಕೆಂಡಲ್ ಪಾರ್ಕಿನಲ್ಲಿ ನಮ್ಮ ಅಕ್ಕಪಕ್ಕದವರೆಲ್ಲ ಈ ಹೊತ್ತಿಗೆ ರೂಟ್ ಒನ್ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಕಾರಿನೊಳಗೆ ಬೆಚ್ಚಗಿರುತ್ತಾರೆ, ನನಗೆ ಯಾಕೆ ಬೇಕಿತ್ತು ಈ ಉಸಾಬರಿ.

ಆ ಭಾಗದ ಸಾರ್ವಜನಿಕ ಕಾಡಿನಲ್ಲಿ ಪೈನ್ ಮರಗಳ ನಡುವೆ ಲೆಕ್ಕವಿಲ್ಲದಷ್ಟು ಮರಳುದಾರಿಗಳಿವೆ. ಶನಿವಾರ ಭಾನುವಾರ ಬಂತೆಂದರೆ ಜೀಪು, ಡರ್ಟ್ ಬೈಕುಗಳ ಹಿಂಡು ಅಲ್ಲಿಗೆ ನುಗ್ಗುತ್ತದೆ. ಯಾವ ದಾರಿಯಲ್ಲಿ ಗಾಡಿ ಬಿಡಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸಿ ನಕ್ಷೆ ಮಾಡಿಕೊಡಲು ಅರಣ್ಯ ಕಚೇರಿ ನಮ್ಮ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ತೀರ್ಮಾನಕ್ಕೆ ಮೊದಲು ಇರುವ ದಾರಿಗಳ ಪಟ್ಟಿ ಆಗಬೇಕು. ಆ ಪಟ್ಟಿ ನನ್ನ ಹೊಣೆ.

ನಮ್ಮ ವಿಧಾನ ಮರುಭೂಮಿಯಿಂದ ಬಂದದ್ದು. ಹಿಂದಿನ ವರ್ಷ ಇದೇ ಕಂಪನಿ ದೇಶದ ಪಶ್ಚಿಮದಲ್ಲಿ, ಗಾಡಿ ಓಡಿಸುವ ಮೋಜಿಗೆಂದೇ ಸರ್ಕಾರ ಬಿಟ್ಟುಕೊಟ್ಟ ಮರುಭೂಮಿಯ ಜಮೀನಿನಲ್ಲಿ ಇದೇ ಕೆಲಸ ಮಾಡಿತ್ತು. ನಾನೂ ಆರು ವಾರ ಅಲ್ಲಿದ್ದೆ. ಆ ನೆಲದ ಮೇಲೆ ತೆಳ್ಳಗೆ ಒಂದು ಹೆಪ್ಪುಗಟ್ಟಿದ ಪದರ ಇರುತ್ತದೆ. ಚಕ್ರ ಒಮ್ಮೆ ಅದನ್ನು ಒಡೆದರೆ ಗುರುತು ದಶಕಗಟ್ಟಲೆ ಮಾಸುವುದಿಲ್ಲ. ಹಾಗಾಗಿ ಅಲ್ಲಿ ಮಾಡಿಕೊಂಡ ನಿಯಮ ಸರಳವಾಗಿತ್ತು: ಎಣಿಕೆಯ ದಿನ ನೆಲದ ಮೇಲೆ ಜಾಡು ಕಂಡರೆ ಅದು ಇರುವ ದಾರಿ. ಅದೇ ನಿಯಮವನ್ನು, ಒಂದಕ್ಷರ ಬದಲಿಸದೆ, ವರ್ಷಕ್ಕೆ ನಾಲ್ಕು ತಿಂಗಳು ನೀರು ನಿಲ್ಲುವ ಈ ಕಾಡಿಗೆ ತಂದಿದ್ದೆವು. ಬಿಸಿಲುನಾಡಿನ ಟೋಪಿ ಹಾಕಿಕೊಂಡು ಮಳೆಯಲ್ಲಿ ನಿಂತ ಹಾಗೆ ಎಂದು ನಾನೇ ತಮಾಷೆ ಮಾಡಿದ್ದುಂಟು. ತಮಾಷೆಯಿಂದಾಚೆ ಬಾಯಿ ಬಿಟ್ಟಿರಲಿಲ್ಲ.

ಎರಡನೇ ನಿಯಮವೂ ಅಲ್ಲಿಂದಲೇ ಬಂದದ್ದು. ಒಂದು ಕವಲಿನಿಂದ ಇನ್ನೊಂದು ಕವಲಿನವರೆಗೆ ದಾರಿಯ ಗೆರೆ ತುಂಡಾಗಬಾರದು. ನಾವು ಟ್ಯಾಬ್ಲೆಟ್ ಹಿಡಿದು ದಾರಿಯುದ್ದಕ್ಕೂ ಹೋಗುತ್ತಿದ್ದರೆ ಜಿಪಿಎಸ್ ತಾನಾಗಿ ಗೆರೆ ಎಳೆಯುತ್ತ ಬರುತ್ತದೆ. ಅಗಲ ಎಷ್ಟು, ಗಾಡಿ ಜಾಡಿನ ಆಳ ಎಷ್ಟು ಎಂದು ಹಲಗೆ ಇಟ್ಟು ಟೇಪ್ ಇಳಿಬಿಟ್ಟು ಅಳೆದು ತುಂಬಬೇಕು, ಎರಡೂ ತುದಿಯಲ್ಲಿ ಫೋಟೋ ತೆಗೆಯಬೇಕು. ನೀರು ಅಡ್ಡ ಬಂದರೆ ರೆಕಾರ್ಡಿಂಗ್ ನಿಲ್ಲಿಸುವ ಬಟನ್ ಒತ್ತಿ, ಸುತ್ತಿ ಬಳಸಿ ನಡೆದು, ಆಚೆ ಕಡೆ ಮತ್ತೆ ಶುರು ಮಾಡಬೇಕು. ಆದರೆ ಹಾಗೆ ಮಾಡಿದರೆ ಗೆರೆಯಲ್ಲಿ ಬಿರುಕು ಬೀಳುತ್ತದೆ. ಬಿರುಕು ಬಿದ್ದ ಗೆರೆಯನ್ನು ನಮ್ಮ ಆಫೀಸಿನ ಸಾಫ್ಟ್‌ವೇರ್ ದೋಷವೆಂದು ವಾಪಸ್ ಕಳಿಸುತ್ತದೆ. ವಾಪಸ್ ಬಂದದ್ದಕ್ಕೆ ಮತ್ತೆ ಅಷ್ಟು ದೂರ ಹೋಗಬೇಕು. ಹೊರಗೆ ಸುತ್ತಿ ಅಳತೆ ಮಾಡುವ ನಾವೆಲ್ಲ ಒಂದು ಅಡ್ಡದಾರಿ ಕಲಿತೆವು. ಬಟನ್ ಒತ್ತುವುದನ್ನೇ ಬಿಟ್ಟೆವು. ಗೆರೆ ಅಖಂಡವಾಗಿ ಹೋಗುತ್ತಿತ್ತು, ಆಫೀಸಿನವರು ಖುಷಿಯಾಗಿದ್ದರು.

ಫೆಬ್ರವರಿ ಕೊನೆಯ ವಾರ ನನ್ನ ಜೊತೆಗಾರ್ತಿ ಫ್ಲೂ ಬಂದು ಮಲಗಿದ್ದಳು. ಒಬ್ಬಳೇ ಹೋಗಬಾರದೆಂಬ ನಿಯಮವಿದ್ದರೂ ಹೋದೆ. ಅವತ್ತಿನ ದಾರಿಯ ಸಂಖ್ಯೆ ನೂರಾ ಹದಿನಾಲ್ಕು. ಅರ್ಧ ಮೈಲಿ ಒಳಗೆ ದಾರಿ ತಗ್ಗಿ, ಪಕ್ಕದ ಕೊಳದ ನೀರೆಲ್ಲ ದಾರಿಯ ಮೇಲೆ ಬಂದು ನಿಂತಿತ್ತು. ಪಿಕಪ್ ಬಿಟ್ಟು ಇಳಿದೆ. ನೀರಿನಲ್ಲಿ ಎದೆಮಟ್ಟದ ರಬ್ಬರ್ ದಿರಿಸು ತೊಟ್ಟ ಮನುಷ್ಯನೊಬ್ಬ ಬಗ್ಗಿ ನಿಂತಿದ್ದ. ತಲೆಗೆ ಮಂಕಿ ಕ್ಯಾಪ್. ಅದನ್ನು ನೋಡಿದ ಮೇಲೆ ಯಾವ ದೇಶದವರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹತ್ತಿರ ಹೋದಾಗ "ಹದಿಮೂರ... ಹದಿನಾಕ..." ಎಂದು ಗೊಣಗುವುದು ಕೇಳಿ ನಾನು ಅಲ್ಲೇ ನಿಂತೆ.

"ಅಂಕಲ್, ಕನ್ನಡದವರಾ ನೀವು?"

"ತಡೀರಿ, ಎಣಸೂದು ತಪ್ಪತದ," ಎಂದರು ತಲೆ ಎತ್ತದೆ. "ಮುಂದ ಕಾಲ ಇಡಬ್ಯಾಡ್ರಿ. ಅಲ್ಲೇ ಕಾಲಬುಡಕ್ಕ ತತ್ತಿ ಅವ."

ಧಾರವಾಡದವರು. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ರಾಬಿನ್ಸ್‌ವಿಲ್‌ನಲ್ಲಿದ್ದರು. ಹನ್ನೊಂದು ಚಳಿಗಾಲದಿಂದ ಸ್ವಯಂಸೇವಕರಾಗಿ ಆ ಒಂದು ಕೊಳದಲ್ಲಿ ಮೊಟ್ಟೆ ಎಣಿಸುತ್ತಿದ್ದರು. ನೀರೊಳಗಿನ ಒಂದು ಕಡ್ಡಿಯನ್ನು ಮೆಲ್ಲಗೆ ಎತ್ತಿ ತೋರಿಸಿದರು. ಕಡ್ಡಿಗೆ ಮುಷ್ಟಿ ಗಾತ್ರದ ಲೋಳೆಯ ಉಂಡೆ, ಅದರೊಳಗೆ ಸಾಸಿವೆಯಂಥ ಚುಕ್ಕೆಗಳು. ಕಪ್ಪು ಮೈಗೆ ಹಳದಿ ಮಚ್ಚೆಯ, ಹಲ್ಲಿಯ ಆಕಾರದ ಸಲಾಮ್ಯಾಂಡರ್ ಅದು. ಈ ರಾಜ್ಯದಲ್ಲಿ ಅದು ಉಳಿದಿರುವ ಕೊಳಗಳು ಬೆರಳೆಣಿಕೆಯವು, ಎಲ್ಲಿವೆ ಎಂದು ಅರಣ್ಯ ಕಚೇರಿ ಯಾರಿಗೂ ಹೇಳುವುದಿಲ್ಲ, ನಕ್ಷೆ ಮಾಡುವ ನಮಗೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಬತ್ತುವ ಕೊಳವಾದ್ದರಿಂದ ಮೀನಿಲ್ಲ, ಮೀನಿಲ್ಲದ್ದರಿಂದ ಮರಿ ಬದುಕುತ್ತದೆ. ಜೂನ್ ಕೊನೆಗೆ ಕಿವಿರು ಉದುರಿ, ಗಾಳಿಯಲ್ಲಿ ಉಸಿರಾಡಲು ಕಲಿತು, ನೆಲಕ್ಕೆ ಹತ್ತಬೇಕು. ಅಲ್ಲಿಯವರೆಗೆ ನೀರು ನಿಲ್ಲಬೇಕು. ಇಷ್ಟೇ ಅದರ ಬೇಡಿಕೆ.

"ನಾನು ಆಚೆ ಕಡೆ ಹೋಗಬೇಕಿತ್ತು ಅಂಕಲ್."

"ನನ್ನ ಹಿಂದ ಹಿಂದ ಬಾ ತಂಗಿ. ನಾ ಕಾಲ ಇಟ್ಟಲ್ಲೇ ಇಡು." ಆಗಲೇ ಏಕವಚನಕ್ಕೆ ಇಳಿದಿದ್ದರು. ಕೊಳದ ಎತ್ತರದ ದಡದ ಮೇಲೆ, ಪೊದೆಗಳ ನಡುವೆ ಅವರದೇ ಒಂದು ಕಾಲುದಾರಿ ಇತ್ತು. ಮೊಟ್ಟೆ ತುಳಿಯದಂತೆ ಸುತ್ತಿ ಹೋಗಲು ಹನ್ನೊಂದು ವರ್ಷದಲ್ಲಿ ಮಾಡಿಕೊಂಡದ್ದು. ಒಂದು ಪಾದದಷ್ಟು ಅಗಲ, ತೋರಿಸದಿದ್ದರೆ ಕಾಣುತ್ತಿರಲಿಲ್ಲ. ಎದೆಗೆ ಟ್ಯಾಬ್ಲೆಟ್ ಅವುಚಿಕೊಂಡು ಅವರ ಹಿಂದೆ ಎಪ್ಪತ್ತು ಎಂಬತ್ತು ಹೆಜ್ಜೆ ನಡೆದೆ. ರೆಕಾರ್ಡಿಂಗ್ ಓಡುತ್ತಲೇ ಇತ್ತು. ಮರೆತು ಬಿಟ್ಟದ್ದಲ್ಲ. ಆ ವಾರ ಮೂರು ಗೆರೆ ವಾಪಸ್ ಬಂದಿದ್ದವು, ನಾಲ್ಕನೆಯದು ನನಗೆ ಬೇಡವಾಗಿತ್ತು.

ಕೆಲಸ ಮುಗಿಸಿ ಬಂದಾಗ ಅವರು ಪಿಕಪ್ಪಿನ ಹಿಂದೆ ಕೂತು ಡಬ್ಬಿ ಬಿಚ್ಚಿದರು. ಹಚ್ಚಿದ ಅವಲಕ್ಕಿ. ತಿನ್ನುತ್ತ ನಾನು ಟ್ಯಾಬ್ಲೆಟ್ಟಿನ ಟಿಪ್ಪಣಿ ಅಂಕಣದಲ್ಲಿ ಬರೆದೆ: ಗಾಡಿಗೆ ಯೋಗ್ಯವಲ್ಲ, ಮುಚ್ಚಲು ಶಿಫಾರಸು. ಅವರಿಗೂ ಓದಿ ಹೇಳಿದೆ.

"ಈ ದಾರಿ ಮುಚ್ಚೋ ಹಾಗೆ ನಾನು ನೋಡ್ಕೋತೀನಿ ಅಂಕಲ್."

"ಹಂಗಾದ್ರ ಭಾಳ ಉಪಕಾರ ಆತು," ಎಂದರು. ಅಷ್ಟು ದೊಡ್ಡ ಮಾತು ಆಡುವ ಅಗತ್ಯ ನನಗಿರಲಿಲ್ಲ. ಅವಲಕ್ಕಿಯ ಉಪ್ಪು ಆಡಿಸಿತು.

ಏಪ್ರಿಲ್ ಮೊದಲ ವಾರ ಕರಡು ನಕ್ಷೆ ಸಾರ್ವಜನಿಕರ ಅಭಿಪ್ರಾಯಕ್ಕೆ ಹೊರಬಂತು. ಗೋಡೆಯಗಲದ ನಕ್ಷೆಯಲ್ಲಿ ಏನೂ ಕಾಣುವುದಿಲ್ಲ, ಫೋನಿಗೆ ಹಾಕಿಕೊಳ್ಳುವ ಫೈಲು ಕೊಡಿ ಎಂದು ಗಾಡಿಯವರ ಸಂಘ ಕೇಳಿತು. ನ್ಯಾಯವಾದ ಬೇಡಿಕೆಯೇ. ಪ್ರಾಜೆಕ್ಟಿನ ಮುಖ್ಯಸ್ಥ ಅವತ್ತೇ ಫೈಲು ಕೊಡಿಸಿದ. ಗೆರೆಗಳು ಹೋದವು, ಸಂಖ್ಯೆಗಳು ಹೋದವು. ಆಂತರಿಕ ಟಿಪ್ಪಣಿಯ ಅಂಕಣ ಹೋಗಲಿಲ್ಲ, ಅದು ಹೋಗುವ ಪದ್ಧತಿಯಿಲ್ಲ. ಫೈಲು ತಯಾರಿಸಿದವಳು ನಾನೇ. ಅಂಕಣ ತೆಗೆದವಳೂ ನಾನೇ. ಟಿಪ್ಪಣಿ ಇಲ್ಲದ ಗೆರೆ ಬರೀ ದಾರಿಯಾಗಿ ಕಾಣುತ್ತದೆಂದು ಆಗಲೂ ನನಗೆ ಹೊಳೆಯಲಿಲ್ಲ.

ತಿಂಗಳ ನಡುವೆ ಅಂಕಲ್ ಫೋನ್ ಮಾಡಿದರು. "ತಂಗಿ, ಒಂದ ಸಲ ಬಂದ ನೋಡಿ ಹೋಗ್ತೀಯೇನು." ಮರುದಿನವೇ ಹೋದೆ.

ಅವರ ಕಾಲುದಾರಿ ಇದ್ದ ಕಡೆ ಈಗ ಎರಡು ಸಾಲು ಹಳ್ಳ. ಪೊದೆಗಳು ಮುರಿದು ಮರಳಿಗೆ ಹೂತುಹೋಗಿದ್ದವು. ದಡದ ತಗ್ಗಿನ ತುದಿಯಲ್ಲಿ ಚಕ್ರಗಳು ಮರಳನ್ನು ಕೊರೆದು, ಅದರಡಿಯಲ್ಲಿ ನೀರು ಹಿಡಿದಿಟ್ಟಿದ್ದ ಜೇಡಿಮಣ್ಣಿನ ಪದರವನ್ನೂ ಸೀಳಿದ್ದವು. ಆ ಎರಡು ಸೀಳುಗಳಿಂದ ನೀರು ಸದ್ದಿಲ್ಲದೆ ಆಚೆಯ ಇಳಿಜಾರಿಗೆ ಹರಿಯುತ್ತಿತ್ತು. ಅಂಕಲ್ ಕೊಳದ ನಡುವೆ ನೆಟ್ಟಿದ್ದ ಅಳತೆಕೋಲಿನಲ್ಲಿ ಮುಂಚೆ ಹತ್ತೊಂಬತ್ತು ಇಂಚು ಇತ್ತಂತೆ. ಈಗ ಹದಿಮೂರು. ದಿನಕ್ಕೊಂದು ಇಂಚು ಇಳಿಯುತ್ತಿತ್ತು. ಮರಿಗಳು ಆಗಷ್ಟೇ ಮೊಟ್ಟೆಯೊಡೆದು, ಕಿರುಬೆರಳಿನ ಉಗುರಿನಷ್ಟು ಉದ್ದವಿದ್ದವು. ಜೂನ್ ಕೊನೆಗೆ ಇನ್ನೂ ಹತ್ತು ವಾರ.

ಅಂಕಲ್ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ನಮ್ಮ ಕರಡು ನಕ್ಷೆಯ ಆ ತುಂಡನ್ನು ಮನೆಯಲ್ಲಿ ಪ್ರಿಂಟ್ ತೆಗೆದು ತಂದಿದ್ದರು. ನೂರಾ ಹದಿನಾಲ್ಕರ ಗೆರೆ ನೇರ ಬಂದು, ಕೊಳದ ಬಳಿ ಹೊಟ್ಟೆ ಉಬ್ಬಿಸಿಕೊಂಡು ಸುತ್ತಿ, ಮತ್ತೆ ನೇರ ಹೋಗಿತ್ತು.

"ಇದು ನಾ ನಡಿಯೂ ದಾರಿ. ಇದನ್ನ ಯಾರ ಬರದ್ರು?"

"ನಾನೇ ಅಂಕಲ್. ಅವತ್ತು ನಿಮ್ಮ ಹಿಂದೆ ಬಂದೆನಲ್ಲ, ಮಷೀನ್ ಆನ್ ಇತ್ತು."

ಅವರು ಕಾಗದ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನೀರಿಗಿಳಿದು ಅಳತೆಕೋಲನ್ನು ಇನ್ನೊಮ್ಮೆ ಓದಿ, ನೋಟ್‌ಬುಕ್ಕಿನಲ್ಲಿ ಹದಿಮೂರು ಎಂದು ಬರೆದುಕೊಂಡರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಗಾಡಿ ಹೊಡೆದವರು ಯಾರು ಎಂದು ಹುಡುಕುವುದು ಕಷ್ಟವಾಗಲಿಲ್ಲ, ಅವರೇ ಬರೆದಿದ್ದರು. ನಮ್ಮ ಅಭಿಪ್ರಾಯ ಪೆಟ್ಟಿಗೆಯಲ್ಲಿ ಒಂದು ಸಭ್ಯ ಪತ್ರವಿತ್ತು: ದಾರಿ ನೂರಾ ಹದಿನಾಲ್ಕು ಚೆನ್ನಾಗಿದೆ, ಆದರೆ ಕೊಳದ ಪಕ್ಕದ ತಿರುವು ಉದ್ದದ ಗಾಡಿಗಳಿಗೆ ಇಕ್ಕಟ್ಟು, ದಯವಿಟ್ಟು ಸ್ವಲ್ಪ ಅಗಲ ಮಾಡಿಸಿ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗಿದ್ದ ನಂಬರಿಗೆ ಫೋನ್ ಮಾಡಿ ಹೆಸರು ಹೇಳಿದೆ.

"ಮೇಡಂ, ನೀವು ಕನ್ನಡದವ್ರಾ? ನಾನು ಬೆಂಗಳೂರು, ಟ್ಯಾನರಿ ರೋಡು. ಈಗ ರಾಬಿನ್ಸ್‌ವಿಲ್ ವೇರ್‌ಹೌಸ್‌ಗಳ ಹತ್ರ ಪ್ಯಾಕಿಂಗ್ ಬಿಸಿನೆಸ್ಸು." ವಾರಾಂತ್ಯಕ್ಕೆ ಒಂಬತ್ತು ಜೀಪುಗಳ ಗುಂಪು ಕಟ್ಟಿಕೊಂಡು ಹೊರಡುವ ಉತ್ಸಾಹಿ. ಕೊಳದ ವಿಷಯ ತೆಗೆದ ಕೂಡಲೇ ತಾನೇ ವಿವರಿಸಿದ. "ನಮ್ಮ ಗ್ರೂಪಲ್ಲಿ ಸ್ಟ್ರಿಕ್ಟ್ ರೂಲ್ ಇದೆ ಮೇಡಂ, ನೀರಿಗೆ ಗಾಡಿ ಇಳಿಸೋ ಹಾಗಿಲ್ಲ, ಲೈನ್ ಬಿಟ್ಟು ಹೋಗೋ ಹಾಗಿಲ್ಲ. ರೋಡ್ ಮೇಲೆ ನೀರಿತ್ತು. ಫೋನಲ್ಲಿ ಲೈನ್ ಪಕ್ಕಕ್ಕೆ ಹೋಗ್ತಿತ್ತು. ಗೌರ್ನಮೆಂಟ್ ಮ್ಯಾಪ್ ಅಲ್ವಾ ಅಂತ ಅದರ ಮೇಲೇ ಹೋದ್ವಿ. ಒಂದಡಿ ಆ ಕಡೆ ಈ ಕಡೆ ಆಗಿಲ್ಲ."

ಆ ಗೆರೆ ಏನೆಂದು, ಕೊಳದಲ್ಲಿ ಏನಿದೆ ಎಂದು ಹೇಳಿದೆ. ಅವನ ಉತ್ಸಾಹ ಇಳಿದುಹೋಯಿತು.

"ಮರಿಗಳು ಇನ್ನೂ ಇದಾವಾ ಮೇಡಂ?"

"ಇವೆ. ನೀರು ಹೋಗ್ತಾ ಇದೆ."

"ಆ ತೂತು ಮುಚ್ಚೋಣ. ಮಣ್ಣು, ಚೀಲ, ಜನ, ಎಲ್ಲಾ ನಾನು ಅರೇಂಜ್ ಮಾಡ್ತೀನಿ. ನಾಳೆನೇ ಬರ್ತೀನಿ, ನೀವು ಪರ್ಮಿಷನ್ ತಗೊಳ್ಳಿ ಸಾಕು."

ಸಾಕು ಎಂದದ್ದು ಅವನ ಮುಗ್ಧತೆ. ಅಳಿವಿನಂಚಿನ ಪ್ರಾಣಿಯ ಕೊಳದಲ್ಲಿ ಒಂದು ಗುದ್ದಲಿ ಮಣ್ಣು ಹಾಕಲೂ ಅನುಮತಿ ಬೇಕು, ಅದಕ್ಕೆ ಎರಡು ತಿಂಗಳು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಅರಣ್ಯ ಕಚೇರಿ ಇದನ್ನು ಕಿಡಿಗೇಡಿಗಳ ಹಾವಳಿ ಎಂದು ದಾಖಲಿಸಿಕೊಂಡಿತ್ತು. ಹಾಗೆ ದಾಖಲಾದರೆ ಆ ಜಾಗ ಸಾಕ್ಷ್ಯ, ತನಿಖೆ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಕಚೇರಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ನನಗೆ ನಿಯಮ ಓದಿ ಹೇಳಿದಳು. ಹಾನಿ ಆದದ್ದು ಕಚೇರಿಯ ಅಥವಾ ಅದರ ಗುತ್ತಿಗೆದಾರರ ತಪ್ಪಿನಿಂದ ಎಂದು ಲಿಖಿತವಾಗಿ ಬಂದರೆ ಮಾತ್ರ ಎರಡು ದಿನದಲ್ಲಿ ತುರ್ತು ಅನುಮತಿ ಕೊಡಬಹುದು. "ಅಂಥದ್ದೇನಾದರೂ ಇದೆಯೇ?" ಎಂದು ಕೇಳಿದಳು. ನೋಡಿ ಹೇಳುತ್ತೇನೆ ಎಂದೆ.

ನೋಡಿದೆ. ಮಧ್ಯಾಹ್ನವಿಡೀ ಕೂತು ನಾನು ಎಳೆದ ಗೆರೆಗಳನ್ನೆಲ್ಲ ಒಂದೊಂದಾಗಿ, ಚಳಿಗಾಲದ ವೈಮಾನಿಕ ಚಿತ್ರದ ಮೇಲೆ ಇಟ್ಟು ಪರೀಕ್ಷಿಸಿದೆ. ನಡೆದ ಗೆರೆ ಯಾವುದೆಂದು ಗುರುತಿಸುವುದು ಸುಲಭ, ನಡೆಯುವಾಗ ಚುಕ್ಕೆಗಳು ಒತ್ತೊತ್ತಾಗಿ ಬೀಳುತ್ತವೆ. ನೂರಾ ಹದಿನಾಲ್ಕಲ್ಲದೆ ಇನ್ನೂ ಇಪ್ಪತ್ತಮೂರು ಕಡೆ ನಾನು ಬಟನ್ ಒತ್ತದೆ ನೀರು ಬಳಸಿ ನಡೆದಿದ್ದೆ. ಇಪ್ಪತ್ತಮೂರು ಕಡೆ ಇಲ್ಲದ ದಾರಿಯನ್ನು ನಾನು ಇದೆ ಎಂದಿದ್ದೆ.

ಪ್ರಾಜೆಕ್ಟಿನ ಮುಖ್ಯಸ್ಥನ ಕೋಣೆಗೆ ಪಟ್ಟಿ ಹಿಡಿದು ಹೋದೆ. ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದವನು, ಕಾಡು ಉಳಿಯಲಿ ಎಂದು ಮನಸಾರೆ ಬಯಸುವವನು, ಈ ಯೋಜನೆಗೆ ಮೂರು ವರ್ಷ ಸುರಿದವನು. ಅವನನ್ನು ಕೆಟ್ಟವನೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಪಟ್ಟಿ ಓದಿ ಕನ್ನಡಕ ತೆಗೆದಿಟ್ಟ.

"ನೂರಾ ಹದಿನಾಲ್ಕರಲ್ಲಿ ಈಗ ಜಾಡು ಇದೆಯಲ್ಲ," ಎಂದ. "ಮರುಪರಿಶೀಲನೆಗೆ ಹೋದರೆ ನಮ್ಮ ನಿಯಮದ ಪ್ರಕಾರ ಅದು ಇರುವ ದಾರಿಯೇ."

"ಗೆರೆ ನೋಡಿ ಗಾಡಿ ಹೋಯಿತು. ಈಗ ಗಾಡಿ ನೋಡಿ ಗೆರೆ ಸರಿ ಅಂತೀರಾ?"

"ಸರಿ ಅನ್ನುತ್ತಿಲ್ಲ. ಸುಮ್ಮನಿರು ಅನ್ನುತ್ತಿದ್ದೇನೆ. ಈ ಪಟ್ಟಿ ಹೊರಬಿದ್ದರೆ ನಾಳೆ ಗಾಡಿಯವರ ಸಂಘದ ವಕೀಲ ಏನು ಕೇಳುತ್ತಾನೆ ಗೊತ್ತೇ? ಇಪ್ಪತ್ತನಾಲ್ಕು ಗೆರೆ ಸುಳ್ಳಾದರೆ ಉಳಿದದ್ದು ನಿಜವೆಂದು ಹೇಗೆ ನಂಬುವುದು ಎನ್ನುತ್ತಾನೆ. ಇಡೀ ಯೋಜನೆ ಬಿದ್ದುಹೋಗುತ್ತದೆ. ನಾವು ಮುಚ್ಚಬೇಕೆಂದಿರುವ ಒಂದು ದಾರಿಯೂ ಮುಚ್ಚುವುದಿಲ್ಲ. ಆ ಕೊಳದ ದಾರಿಯೂ ಸೇರಿ. ಒಂದು ಬೇಸಿಗೆಯ ಮರಿಗಳಿಗಾಗಿ ಅದನ್ನೆಲ್ಲ ಕಳೆದುಕೊಳ್ಳುತ್ತೀಯಾ?"

ಅವನ ಮಾತಿನಲ್ಲಿ ತೂಕವಿತ್ತು. ಸುಮ್ಮನಿದ್ದರೆ ಕೊಳ ಈ ವರ್ಷ ಒಣಗುತ್ತದೆ, ಆದರೆ ದಾರಿ ಮುಂದೆಂದಾದರೂ ಮುಚ್ಚಬಹುದು. ಬರೆದರೆ ಈ ವರ್ಷ ನೀರು ಉಳಿಯಬಹುದು, ದಾರಿ ಎಂದೆಂದಿಗೂ ತೆರೆದೇ ಉಳಿಯಬಹುದು. ಮೂರು ದಿನ ನನಗೆ ಅನ್ನ ರುಚಿಸಲಿಲ್ಲ. ಗಂಡ "ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು" ಎಂದದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಅಂಕಲ್‌ಗೂ ಎಲ್ಲವನ್ನೂ ಹೇಳಿ ಏನು ಮಾಡಲಿ ಎಂದು ಕೇಳಿದೆ.

"ನಿನ್ನ ನೌಕರಿ, ನೀ ನೋಡ್ಕೊ ತಂಗಿ. ನಾ ಹೇಳಂಗಿಲ್ಲ," ಎಂದರು. ಆಮೇಲೆ, "ಇವತ್ತ ಎಂಟ ಇಂಚ ಅದ," ಎಂದರು.

ಅವರು ಒತ್ತಾಯ ಮಾಡಲೆಂದು ಹಾಗೆ ಹೇಳಿದ್ದಲ್ಲ, ದಿನವೂ ಹೇಳುತ್ತಿದ್ದ ಹಾಗೆ ಹೇಳಿದ್ದರು. ಆದರೆ ಮುಂದೆಂದಾದರೂ ಮುಚ್ಚಬಹುದಾದ ದಾರಿಗಿಂತ ಆ ಎಂಟು ಇಂಚು ನನಗೆ ಹತ್ತಿರವಿತ್ತು. ಪತ್ರ ಬರೆದೆ. ಅರ್ಧ ಪುಟ. ಈ ಇಪ್ಪತ್ತನಾಲ್ಕು ಕಡೆ ದಾಖಲಾಗಿರುವುದು ಗಾಡಿಯ ದಾರಿಯಲ್ಲ, ನಾನು ನಡೆದದ್ದು. ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು, ತಿಳಿದೂ ನಿಲ್ಲಿಸಲಿಲ್ಲ. ಕೊಳದ ಹಾನಿ ಈ ತಪ್ಪಿನಿಂದ ಆದದ್ದು, ನಕ್ಷೆ ನಂಬಿ ಹೋದವರಿಂದಲ್ಲ. ಕೊಳದ ಬಳಿ ನನ್ನ ಮುಂದೆ ಯಾರು ನಡೆದಿದ್ದರು ಎಂಬುದನ್ನು ಬರೆಯಲಿಲ್ಲ. ಅದು ಆ ಪತ್ರದಲ್ಲಿ ನಾನು ಮುಚ್ಚಿಟ್ಟ ಒಂದೇ ವಿಷಯ.

ಕಚೇರಿಯವಳು ಮಾತಿಗೆ ತಪ್ಪಲಿಲ್ಲ, ಎರಡೇ ದಿನದಲ್ಲಿ ಅನುಮತಿ ಬಂತು. ಷರತ್ತುಗಳು ಎರಡು ಪುಟ. ಉಪ್ಪು, ಕಳೆಬೀಜ ಇಲ್ಲದ ಜೇಡಿಮಣ್ಣು, ಸೆಣಬಿನ ಚೀಲ, ಎಲ್ಲ ಕೈಯಲ್ಲೇ ಹೊರಬೇಕು, ಡಾಂಬರಿನಿಂದ ಒಳಗೆ ಯಾವ ಗಾಡಿಯೂ ಬರಕೂಡದು. ಪ್ಯಾಕಿಂಗ್ ಬಿಸಿನೆಸ್ಸಿನವನು ಗುಂಪಿನ ಆರು ಜನರನ್ನು ಕರೆತಂದ. ನಲವತ್ತು ಪೌಂಡಿನ ಚೀಲವನ್ನು ಹೆಗಲ ಮೇಲಿಟ್ಟು ಅರ್ಧ ಮೈಲಿ ಮರಳಿನಲ್ಲಿ ನಡೆಯುವುದೆಂದರೆ ಏನೆಂದು ನಮಗೆಲ್ಲ ಅವತ್ತು ಗೊತ್ತಾಯಿತು. ಮೂರನೇ ಸುತ್ತಿಗೆ ಅವನು, "ಮೇಡಂ, ಗಾಡಿ ಯಾಕೆ ಕಂಡುಹಿಡಿದ್ರು ಅಂತ ಈಗ ಅರ್ಥ ಆಗ್ತಿದೆ," ಎಂದ. ಅಂಕಲ್ ನಕ್ಕರು. ಆ ಎರಡು ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಸೀಳಿನೊಳಗೆ ಚೀಲ ಜೋಡಿಸಿ, ಮೇಲೆ ಮಣ್ಣು ಸುರಿದು, ಮರದ ಕೊರಡಿನಿಂದ ಕುಟ್ಟಿ ಗಟ್ಟಿ ಮಾಡಿದೆವು. ಸಂಜೆಗೆ ನೀರು ನಿಂತಿತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅಳತೆಕೋಲಿನಲ್ಲಿ ಐದೇ ಇಂಚು. ಚೀಲಗಳು ಹಾಗೇ ಇದ್ದವು, ನೀರು ಅವುಗಳ ಅಡಿಯ ಮರಳಿನೊಳಗಿಂದ ಜಾರಿ ಹೋಗಿತ್ತು. ನಾನು ದಡದ ಮೇಲೆ ಕೂತೆ. ನೌಕರಿಯನ್ನು ಪಣಕ್ಕಿಟ್ಟು ಪಡೆದದ್ದು ಒಂದು ರಾತ್ರಿಯೂ ಬಾಳಲಿಲ್ಲವಲ್ಲ ಎಂದುಕೊಂಡೆ.

ಅಂಕಲ್ ಚೀಲಗಳನ್ನು ಕಾಲಿನಿಂದ ತಳ್ಳಿ ನೋಡಿದರು. "ಮ್ಯಾಲ ಮ್ಯಾಲ ಇಟ್ರ ನಿಂದ್ರೂದಿಲ್ಲ. ನಮ್ಮ ಕಡೆ ಹೊಲಕ್ಕ ಒಡ್ಡು ಹಾಕುವಾಗ ಮೊದಲ ತಳ ಕಡೀತಾರ. ಗಟ್ಟಿ ನೆಲ ಸಿಗೂತನಕ ಕಡದು, ಅಲ್ಲಿಂದ ಮಣ್ಣ ತುಂಬಕೋತ ಬರಬೇಕು. ಎಲ್ಲಾ ತಗೀರಿ."

ಎಲ್ಲ ತೆಗೆದೆವು. ತೆಗೆದಷ್ಟು ಹೊತ್ತು ನೀರು ಇನ್ನೂ ಜೋರಾಗಿ ಹರಿಯಿತು. ಸೀಳಿಗೆ ಅಡ್ಡಲಾಗಿ ಮೊಣಕಾಲಾಳದ ಕಾಲುವೆ ಕಡಿದು, ಜೇಡಿಮಣ್ಣಿನ ಹಳೆಯ ಪದರ ಗುದ್ದಲಿಗೆ ತಾಗಿದ ಮೇಲೆ, ಒಂದು ಗೇಣು ಮಣ್ಣು ಹಾಕುವುದು, ಕುಟ್ಟುವುದು, ಮತ್ತೆ ಒಂದು ಗೇಣು ಹಾಕುವುದು. ಮಧ್ಯಾಹ್ನ ಪ್ಯಾಕಿಂಗ್ ಬಿಸಿನೆಸ್ಸಿನ ಆ ಜೀಪಿನವನು ಪಕ್ಕದಲ್ಲಿ ಚಾಪೆ ಹಾಸಿ ನಮಾಜು ಮುಗಿಸಿ ಬಂದು ಮತ್ತೆ ಕೊರಡು ಹಿಡಿದ. ಮುಗಿಸುವಾಗ ನಾಲ್ಕೂವರೆ ಇಂಚು. ಮರುದಿನವೂ ನಾಲ್ಕೂವರೆ. ಅದರ ಮರುದಿನ ಮಳೆ ಬಂದು ಆರಕ್ಕೇರಿತು. ಅಂಕಲ್ ಫೋನಿನಲ್ಲಿ "ಆರ ಅದ" ಎಂದಾಗ ನಾನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅತ್ತುಬಿಟ್ಟೆ.

ಮೇ ಪೂರ್ತಿ, ಜೂನ್ ಪೂರ್ತಿ ಒಡ್ಡು ನಿಂತಿತು. ಜುಲೈ ಮೊದಲ ವಾರ ಅಂಕಲ್ ಬಲೆ ಹಾಕಿ ಎತ್ತಿದಾಗ ಕಿವಿರು ಉದುರಿದ ಮರಿಗಳು ಸಿಕ್ಕವು, ಮೈಮೇಲೆ ಹಳದಿಯ ಮೊದಲ ಮಬ್ಬು ಚುಕ್ಕೆ. ಹಿಂದಿನ ವರ್ಷಗಳಿಗಿಂತ ತೀರ ಕಡಿಮೆ, ಆದರೂ ಇದ್ದವು. ಒಂದನ್ನು ಕೈಯಲ್ಲಿ ಹಿಡಿದು ನನಗೆ ತೋರಿಸಿ, ಎಲೆಗಳ ಮೇಲೆ ಬಿಟ್ಟರು. ಅದು ಎಲೆಯಡಿ ನುಸುಳಿ ಮಾಯವಾಯಿತು.

ಮುಖ್ಯಸ್ಥ ಹೇಳಿದ್ದು ಆಗಸ್ಟಿನಲ್ಲಿ ನಡೆಯಿತು. ಶಾಲೆಯೊಂದರ ಸಭಾಂಗಣದಲ್ಲಿ ಸಾರ್ವಜನಿಕ ಸಭೆ. ಗಾಡಿಯವರ ಸಂಘದ ವಕೀಲ ನನ್ನ ಅರ್ಧ ಪುಟದ ಪತ್ರವನ್ನು ನಿಧಾನವಾಗಿ, ಒಂದೊಂದೇ ವಾಕ್ಯ ಓದಿದ. "ತಿಳಿದೂ ನಿಲ್ಲಿಸಲಿಲ್ಲ" ಎಂಬುದನ್ನು ಎರಡು ಸಲ ಓದಿದ. ಇಂಥ ಪಟ್ಟಿಯ ಮೇಲೆ ಯಾರ ದಾರಿಯನ್ನಾದರೂ ಮುಚ್ಚುವುದು ನ್ಯಾಯವೇ ಎಂದು ಕೇಳಿದ. ಜೀಪಿನವನು ಎದ್ದು, ಉಳಿದದ್ದೇನೇ ಇರಲಿ, ಕೊಳದ ದಾರಿಯೊಂದನ್ನಾದರೂ ಮುಚ್ಚಿ ಎಂದ. ಅವನದೇ ಗುಂಪಿನವರು ಹಿಂದಿನ ಸಾಲಿನಿಂದ ಅವನನ್ನು ಗೇಲಿ ಮಾಡಿದರು. ಅಂಕಲ್ ಮಾತಾಡಲು ಹೆಸರು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಕೊಳದಲ್ಲಿ ಏನಿದೆ ಎಂದು ಇಡೀ ಊರಿಗೆ ಹೇಳಬೇಕಾಗುತ್ತಿತ್ತು. ಎರಡು ವಾರದ ಮೇಲೆ ಕಚೇರಿ ಯೋಜನೆಯನ್ನು ಹಿಂತೆಗೆದುಕೊಂಡಿತು. ಮುಂದಿನ ಆದೇಶದವರೆಗೆ ಹಳೆಯ ಸ್ಥಿತಿಯೇ ಮುಂದುವರಿಯುವುದು. ಹಳೆಯ ಸ್ಥಿತಿ ಎಂದರೆ ಎಲ್ಲ ದಾರಿಯೂ ತೆರೆದದ್ದು.

ಕಡತ ಮುಚ್ಚುವ ಕೆಲಸ ನನಗೇ ಬಂತು. ಮುಖ್ಯಸ್ಥ ಕೋಪದಿಂದ ವಹಿಸಿದ್ದಲ್ಲ. "ಅದು ನಿನಗೇ ಚೆನ್ನಾಗಿ ಗೊತ್ತು, ನೀನೇ ಮುಗಿಸಿಬಿಡು," ಎಂದ. ಅವನ ದನಿಯಲ್ಲಿ ಸೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲು ನಾನು ನಡೆದ ಇಪ್ಪತ್ತನಾಲ್ಕು ಸುತ್ತುಗಳನ್ನು ಅಳಿಸಿದೆ. ನೆಲದ ಮೇಲಿನ ಜಾಡು ಅಳಿಸಲು ನನ್ನ ಬಳಿ ಬಟನ್ ಇರಲಿಲ್ಲ. ಚಳಿಗಾಲದಲ್ಲಿ ಮತ್ತೆ ದಾರಿಯ ಮೇಲೆ ನೀರು ಬರುತ್ತದೆ, ಬಂದವರಿಗೆ ಪಕ್ಕದಲ್ಲಿ ಹೋದ ಗುರುತು ಕಾಣುತ್ತದೆ, ಇನ್ನು ಫೋನು ನೋಡುವ ಅಗತ್ಯವೂ ಇಲ್ಲ. ಆಮೇಲೆ ಸ್ಥಿತಿಯ ಅಂಕಣ. ಅದರಲ್ಲಿ ಕೆಲವು ದಾರಿಗಳಿಗೆ ಮುಚ್ಚುವುದು, ಕೆಲವಕ್ಕೆ ತೆರೆಯುವುದು, ಕೆಲವಕ್ಕೆ ಪರಿಶೀಲನೆಯಲ್ಲಿದೆ ಎಂದು ಏಳು ತಿಂಗಳಲ್ಲಿ ಒಂದೊಂದಾಗಿ ತುಂಬಿದ್ದೆವು. ಇಡೀ ಅಂಕಣವನ್ನು ಆರಿಸಿ, ತೆರೆದಿದೆ ಎಂದು ಒಮ್ಮೆ ಬರೆದು, ಎಂಟರ್ ಒತ್ತಿದೆ. ನೂರಾ ಹದಿನಾಲ್ಕರ ಸಾಲಿಗೆ ಇಳಿದು ನೋಡಿದೆ. ತೆರೆದಿದೆ ಎಂದಿತ್ತು.

ಇದನ್ನು ಫೋನಿನಲ್ಲಿ ಹೇಳಬಾರದೆಂದು ಆ ಶನಿವಾರ ರಾಬಿನ್ಸ್‌ವಿಲ್‌ಗೆ ಅವರ ಮನೆಗೆ ಹೋದೆ. ಚಹಾ ಮಾಡಿ ತಂದಿಟ್ಟರು. ಎದುರಿನ ಕಪಾಟಿನಲ್ಲಿ ಹನ್ನೊಂದು ಚಳಿಗಾಲದ ನೋಟ್‌ಬುಕ್ಕುಗಳು ಬೆನ್ನು ತೋರಿಸಿ ನಿಂತಿದ್ದವು.

"ಎಲ್ಲಾ ದಾರಿನೂ ಓಪನ್ ಅಂತ ಆಯ್ತು ಅಂಕಲ್. ನಮ್ಮ ಕೊಳದ್ದೂ."

"ಕೇಳಿದೆ."

"ಅದನ್ನ ಫೈಲಲ್ಲಿ ಹಾಗೆ ಮಾಡಿದ್ದು ನಾನೇ. ನನ್ನ ಕೈಯಾರೆ ಮಾಡಿದೆ. ನಿಮಗೆ ಮುಚ್ಚಿಸ್ತೀನಿ ಅಂದಿದ್ದೆ."

ಅವರು ಬಸಿಗೆ ಸುರಿದುಕೊಂಡ ಚಹಾವನ್ನು ಕುಡಿದು ಮುಗಿಸಿ, ಬಸಿಯನ್ನು ಮೇಜಿನ ಮೇಲಿಟ್ಟರು.

"ನೀನ ಮಾಡಿದ್ದು ಛಲೋ ಆತು," ಎಂದರು. "ಬ್ಯಾರೆಯವರು ಮಾಡಿದ್ರ ನನಗ ಯಾರೂ ಬಂದ ಹೇಳತಿರಲಿಲ್ಲ."